ಏಳನೆಯ ಪ್ಲಾಟಿನ ಡಬ್ಬಿ

ನವಲಗುಂದ
18 ಡಿಸೆಂಬರ್ 1984

ಶಂಕ್ರಪ್ಪಾ,

ಬೂದಿ ಹಚ್ಚಿ ಮೂರು ಸಲ ತಿಕ್ಕಿದರೆ ಸಾಕು. ಈ ಮಾತು ಅಂದದ್ದು ನೀನು ಎಂದು ಇಷ್ಟು ವರ್ಷ ನಂಬಿದ್ದೆ. ಮೊನ್ನೆ ತರಗತಿಯಲ್ಲಿ ಹಲಗೆಯ ಮೇಲೆ ಅದನ್ನು ಬರೆಯುವಾಗ ನನ್ನ ದನಿಯಲ್ಲೇ ಕೇಳಿಸಿತು. ಬರೆಯುತ್ತಿದ್ದ ಖಡು ಅರ್ಧ ಸಾಲಿಗೇ ನಿಂತಿತು. ನಾನು ಸಮೀಕರಣ ಮರೆತೆನೆಂದು ಮಕ್ಕಳು ತಿಳಿದರು.

ನಾವು ಪತ್ರ ಬರೆಯದೆ ಎಂಟು ವರ್ಷವಾಯಿತು. ಹುಬ್ಬಳ್ಳಿ ಇಲ್ಲಿಂದ ಒಂದು ತಾಸಿನ ಬಸ್ಸು. ಅದನ್ನು ಇಬ್ಬರೂ ದೂರ ಎಂದು ಕರೆಯುತ್ತ ಬಂದಿದ್ದೇವೆ.

ಭೋಪಾಳದ ಸುದ್ದಿ ಬಂದ ವಾರ ಪಿಯುಸಿ ಎರಡನೆಯ ವರ್ಷದ ಮಕ್ಕಳು ಪಾಠದ ಪ್ರಶ್ನೆ ಕೇಳುವುದನ್ನು ಬಿಟ್ಟರು. ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆಯ ಅಂಗಡಿ ಇಟ್ಟಿರುವ ಮಶಾಕಸಾಬನ ಮಗಳು ಜುಲೇಖಾಬಿ ಎದ್ದು ನಿಂತು, "ಸರ, ಆ ಗ್ಯಾಸ್ ಮಾಡಿದಾವ್ರೂ ನಮ್ಮಂಗ ಸೈನ್ಸ್ ಓದಿದಾವ್ರ ಹೌದಲ್ರಿ? ಮಾಡಬೇಕೋ ಬ್ಯಾಡೋ ಅಂತ ಅವ್ರಿಗೆ ಯಾವ ಪಿರಿಯಡ್ಡಿನ್ಯಾಗ ಕಲಿಸಿದ್ರು?" ಎಂದಳು. ನಮ್ಮ ವೇಳಾಪತ್ರಿಕೆಯಲ್ಲಿ ಅಂಥ ಪಿರಿಯಡ್ ಇಲ್ಲ. ಶನಿವಾರದ ಕೊನೆಯ ತಾಸು ಖಾಲಿ ಇತ್ತು. ಅದನ್ನು ತೆಗೆದುಕೊಂಡೆ.

ಮೂವತ್ತಾರು ಮಕ್ಕಳನ್ನು ನಾಲ್ಕು ಗುಂಪು ಮಾಡಿದ್ದೇನೆ. ಔಷಧ ತಯಾರಿಸಿದವರು, ಅದರ ಪ್ರಯೋಗ ಮಾಡಿದವರು, ಹೊಲದ ಒಡೆಯರು, ನೀರು ಹೊತ್ತ ಹೆಂಗಸು. ಭಾಷಣ ಬೇಡ ಎಂದೆ. ತಮ್ಮ ಪಾತ್ರದ ಮನೆಯಲ್ಲಿ ಇರಬಹುದಾದ ಒಂದು ವಸ್ತುವನ್ನು ತರಬೇಕು, ಅದನ್ನು ನಡುವೆ ಇಟ್ಟುಕೊಂಡು ಸಣ್ಣ ನಾಟಕ ಕಟ್ಟಬೇಕು. ಆಮೇಲೆ ಪಾತ್ರಗಳು ಅದಲುಬದಲು. ಬೈದವರು ಬೈಸಿಕೊಳ್ಳುವ ಜಾಗಕ್ಕೆ ಬರಬೇಕು. ಪ್ರಾಚಾರ್ಯರು ಬಾಗಿಲಲ್ಲಿ ನಿಂತು ನೋಡಿ, "ಮಡಿವಾಳೆಪ್ಪನವರ, ಇದು ಕೆಮಿಸ್ಟ್ರಿನೋ, ಕಂಪನಿ ನಾಟಕಾನೋ?" ಎಂದು ಕೇಳಿ ಹೋದರು.

ಮಕ್ಕಳಿಗೆ ಕೊಟ್ಟ ಕಥೆ ನಿನಗೆ ಗೊತ್ತು. ಎರೆ ಸೀಮೆಯ ಒಂದು ಊರು. ಹತ್ತಿಯ ಹುಳಕ್ಕೆ ಹೊಸ ಔಷಧ. ಔಷಧ ಹೊಡೆಯುವ ಪ್ಲಾಟು ಹನ್ನೆರಡು, ಅಳತೆ ತಪ್ಪಬಾರದೆಂದು ಪ್ಲಾಟಿಗೊಂದು ಡಬ್ಬಿ. ಎಂ.ಎಸ್ಸಿ. ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ ಇಬ್ಬರು ಅದನ್ನು ನಡೆಸುತ್ತಾರೆ. ಮುಗಿದ ದಿನ, ನೀರು ಹೊತ್ತ ಹೆಂಗಸರಿಗೆ ಆ ಖಾಲಿ ಡಬ್ಬಿಗಳನ್ನು ಖುಷಿಯಿಂದ ಹಂಚುತ್ತಾರೆ. ಬಿಗಿ ಮುಚ್ಚಳದ ತಗಡಿನ ಡಬ್ಬಿ ಆಗ ಯಾರ ಮನೆಯಲ್ಲಿತ್ತು? ಏಳನೆಯ ಪ್ಲಾಟಿನ ಡಬ್ಬಿ ಒಯ್ದವಳು, ಅವರು ಹೇಳಿದಂತೆ ಬೂದಿ ಹಚ್ಚಿ ತಿಕ್ಕಿ, ಅದರಲ್ಲಿ ಕುಸುಬಿ ಎಣ್ಣೆ ತುಂಬಿಡುತ್ತಾಳೆ. ಆ ಔಷಧ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಒಂದು ವಾರದ ಮೇಲೆ ಆ ಎಣ್ಣೆ ಕುಡಿಸಿದ ಎಮ್ಮೆಯ ಕರು ಸಾಯುತ್ತದೆ. ಆ ಸಂಗತಿ ವರದಿಯಲ್ಲಿ ಬರುವುದಿಲ್ಲ. ತಪ್ಪು ಯಾರದು? ಈಗ ಏನು ಮಾಡಬೇಕು?

ಊರಿನ ಹೆಸರು ಹೇಳಿಲ್ಲ. ಕೆಂಚವ್ವನನ್ನು ಕರು ಮಾಡಿದೆ. ನಾಲ್ಕು ವರ್ಷದ ಹುಡುಗಿ ಎಂದು ಬರೆಯಲು ಕೈ ಬರಲಿಲ್ಲ.

ಬೂದಿಯ ಮಾತು ಯಾರದು, ನಿನಗೆ ನೆನಪಿದ್ದರೆ ತಿಳಿಸು.

ಮಡಿವಾಳೆಪ್ಪ

*

ಹುಬ್ಬಳ್ಳಿ
2 ಜನವರಿ 1985

ಮಡಿವಾಳೆಪ್ಪ,

ಎಂಟು ವರ್ಷದ ಮೇಲೆ ಬರೆದ ಮನುಷ್ಯ ಆರಾಮ ಇದ್ದೀಯೋ ಎಂದು ಕೂಡ ಕೇಳಲಿಲ್ಲ. ಆರಾಮ ಇದ್ದೇನೆ. ರಕ್ತದೊತ್ತಡ ಇದೆ. ನನ್ನ ಮನೆಯಾಕೆ ಮಹಾದೇವಕ್ಕ ನಿನ್ನ ಪತ್ರ ಬಂದದ್ದು ನೋಡಿ, "ನನ್ನ ಕೈ ಅಡಗಿ ಉಂಡು ಚಂದ ಅನಲಾರದಾಂವ ಅವನೊಬ್ಬನ" ಎಂದಳು.

ಮಾತು ನಿನ್ನದು. ತಿರ್ಲಾಪುರದ ಆ ಹೊಲದ ಬದುವಿನ ಮೇಲೆ ನಿಂತು ನೀನೇ ಹೇಳಿದೆ. ನಿಮ್ಮ ಅವ್ವ ಹಾಗೆಯೇ ತುಪ್ಪದ ಗಿಂಡಿ ತಿಕ್ಕುತ್ತಾಳೆ, ಅಗದಿ ಬೆಳ್ಳಗಾಗುತ್ತದೆ ಎಂದೂ ಹೇಳಿದೆ. ನಾನು ಬಾಜು ನಿಂತು ಸುಮ್ಮನಿದ್ದೆ. ಎಣ್ಣೆಯಲ್ಲಿ ಕರಗುತ್ತದೆಂದು ಇಬ್ಬರೂ ಆ ವರ್ಷವೇ ಪರೀಕ್ಷೆಯಲ್ಲಿ ಬರೆದಿದ್ದೆವು. ಮಾತು ನಿನ್ನದು, ಸುಮ್ಮನಿದ್ದದ್ದು ನನ್ನದು, ವರದಿ ಇಬ್ಬರದು. ಲೆಕ್ಕ ಸರಿಯಾಯಿತೆ?

ಡಾಕ್ಟರು ವಾಂತಿಭೇದಿ ಎಂದು ಬರೆದರು. ಅದರ ಹೊರತು ಯಾವ ಕಾಗದವೂ ಇಲ್ಲ. ಹದಿಮೂರು ವರ್ಷದ ಹಿಂದಿನದನ್ನು ಹದಿನೇಳು ವರ್ಷದ ಮಕ್ಕಳ ಕೈಗೆ ಕೊಟ್ಟು ಏನು ಕಲಿಸುತ್ತೀ? ಅವರಿಗೆ ಬೇಕಾದದ್ದು ಅಂಕ. ಸಿಲೆಬಸ್ ಮುಗಿಸು. ನಿಮ್ಮ ಕಾಲೇಜಿಗೆ ಹೋದ ವರ್ಷ ಬಂದ ಎರಡು ಸೂಕ್ಷ್ಮದರ್ಶಕ ನಮ್ಮ ಕೀಟನಾಶಕದ ಕಂಪನಿ ಕೊಟ್ಟದ್ದು. ಮಂಜೂರು ಮಾಡಿದವನು ನಾನು. ಇದನ್ನು ಹೇಳಬಾರದೆಂದಿದ್ದೆ, ಬರೆದುಬಿಟ್ಟೆ.

ಒಮ್ಮೆ ಮನೆಗೆ ಬಾ.

ಶಂಕ್ರಪ್ಪ

*

ನವಲಗುಂದ
14 ಜನವರಿ 1985

ಮಾನ್ಯ ಮಡಿವಾಳೆಪ್ಪ ಸರ್ ಅವರಿಗೆ,

ನಾಲ್ಕನೆಯ ಗುಂಪಿನ ಪರವಾಗಿ ಜುಲೇಖಾಬಿ ಬರೆಯುವುದು. ಇದನ್ನು ಎದುರಿಗೆ ಹೇಳಲಾಗದೆ ಬರೆಯುತ್ತಿದ್ದೇವೆ, ಕ್ಷಮಿಸಬೇಕು.

ನಮ್ಮ ಪಾತ್ರ ನೀರು ಹೊತ್ತ ಹೆಂಗಸು. ವಸ್ತು ಏನು ತರುವುದು ಎಂದು ಮಾತಾಡುವಾಗ ನಮ್ಮ ಗುಂಪಿನ ದೇವಕ್ಕ, "ನಮ್ಮ ಓಣ್ಯಾಗ ಸಾವಂತ್ರೆವ್ವಾಯಿ ಮನ್ಯಾಗ ಅಂಥಾ ಡಬ್ಬಿ ಐತಿ. ಮ್ಯಾಲೆ ಏಳು ಅಂತ ಬರದೈತಿ" ಎಂದಳು. ಅವಳ ಊರು ತಿರ್ಲಾಪುರ. ನಿನ್ನೆ ಭಾನುವಾರ ಮುಂಜಾನೆಯ ಬಸ್ಸಿಗೆ ನಾಲ್ವರು ಹೋದೆವು.

ಸಾವಂತ್ರೆವ್ವಾಯಿ ಹತ್ತಿ ಬಿಡಿಸಿ ಆಗಷ್ಟೇ ಬಂದು ಕಟ್ಟೆಯ ಮೇಲೆ ಕೂತಿದ್ದರು. ಡಬ್ಬಿ ನೋಡಲು ಬಂದಿದ್ದೇವೆ ಎಂದು ದೇವಕ್ಕ ಹೇಳಿದಳು.

"ಡಬ್ಬಿ ನೋಡಾಕ ನವಲಗುಂದಲಿಂದ ಬಂದೀರೇನ ಬೇ? ನಾಕು ಹುಡುಗ್ಯಾರು ಕೂಡಿ ಬಂದ್ರ, ನಮ್ಮ ಮಗ ಬೀರಲಿಂಗನ್ನ ನೋಡಾಕ ಬಂದ್ರಂತ ತಿಳದಿದ್ದೆ. ಅಂವ ಕುರಿ ಬಿಟ್ಟು ಊರಾಗ ನಿಂದರಾಂಗಿಲ್ಲ, ಮದಲ ಹೇಳತೀನಿ" ಎಂದು ನಕ್ಕರು. ಚಹಾ ಮಾಡಿಕೊಟ್ಟರು.

ಡಬ್ಬಿ ಒಳಗಿನ ಗೋಡೆಯ ಮಾಡದಲ್ಲಿ ಬೋರಲು ಇತ್ತು. ಬಿಳಿ ಬಣ್ಣದಲ್ಲಿ ಏಳು ಎಂದು ಬರೆದಿತ್ತು. ಅದರಲ್ಲಿ ಏನು ಇಡುತ್ತೀರಿ ಎಂದು ನಾನು ಕೇಳಿದೆ.

"ಏನೂ ಇಡಾಂಗಿಲ್ಲ. ಒಗಿಯಾಕೂ ಮನಸ ಬರಾಂಗಿಲ್ಲ."

ಆಮೇಲೆ ತಾವಾಗಿಯೇ ಹೇಳಿದರು. ನಾನು ಕೇಳಿದ ಹಾಗೆಯೇ ಬರೆಯುತ್ತೇನೆ. "ಇಬ್ರು ಮಾಸ್ತರು ಬಂದಿದ್ರು. ಭಾಳ ಚೊಲೊ ಮಂದಿ. ಬೂದಿ ಹಚ್ಚಿ ಮೂರು ಸಲ ತಿಕ್ಕು ಅಂತ ಹೇಳೇ ಕೊಟ್ಟಿದ್ರು. ಎರಡು ಸಲ ತಿಕ್ಕಿದ್ದು ನೆಪ್ಪೈತಿ. ಮೂರನೇದ್ದು ತಿಕ್ಕಿದ್ನೋ ಇಲ್ಲೋ, ನೆಪ್ಪಿಲ್ಲ. ಅವತ್ತ ಒಲ್ಯಾಗ ಬೂದಿ ಕಡಿಮಿ ಇತ್ತು. ಕೆಂಚಿ ರೊಟ್ಟಿಗೆ ಎಣ್ಣಿ ಹಚ್ಚಿಕೊಡು ಅಂತ ಕುಂತಿತ್ತು. ಗಡಬಡಿಯೊಳಗ ಬಿಟ್ಟಿರಬೇಕು ನೋಡ. ಅದೊಂದು ಸಲ ತಿಕ್ಕಿದ್ರ ಕೂಸು ಉಳೀತಿತ್ತು."

ಸರ್, ಅದು ಕರು ಅಲ್ಲ.

ಇನ್ನೊಂದು ಮಾತು. ನೀವು ಕೊಟ್ಟ ಕಥೆಯಲ್ಲಿಯೂ ಏಳನೆಯ ಪ್ಲಾಟು ಎಂದಿತ್ತು. ಕಟ್ಟಿದ ಕಥೆಗೆ ಆ ಅಂಕಿ ನಿಮಗೆ ಎಲ್ಲಿಂದ ಸಿಕ್ಕಿತು?

ನಾವು ಅವರಿಗೆ ಏನೂ ಹೇಳಲಿಲ್ಲ. ಎಣ್ಣೆಯಲ್ಲಿ ಕರಗುವುದು ಬೂದಿಗೆ ಹೋಗುವುದಿಲ್ಲ ಎಂಬುದು ನಮಗೆ ಗೊತ್ತಿತ್ತು. ಬಾಯಿಗೂ ಬಂದಿತ್ತು. ಹೇಳಬೇಕಾದವರು ನಾವೋ ನೀವೋ ತಿಳಿಯಲಿಲ್ಲ.

ಡಬ್ಬಿ ಕೇಳಲು ಧೈರ್ಯವಾಗಲಿಲ್ಲ. ಅವರ ಒಲೆಯ ಬೂದಿಯನ್ನು ಒಂದು ಹಿಡಿ ಕಾಗದದಲ್ಲಿ ಕಟ್ಟಿಕೊಂಡು ಬಂದಿದ್ದೇವೆ. ಅದೇ ನಮ್ಮ ವಸ್ತು.

ತಮ್ಮ ವಿದ್ಯಾರ್ಥಿನಿ
ಜುಲೇಖಾಬಿ ಮ. ದರ್ಜಿ

*

ನವಲಗುಂದ
20 ಜನವರಿ 1985

ಶಂಕ್ರಪ್ಪಾ,

ಮಕ್ಕಳು ನನಗೆ ಬರೆದ ಪತ್ರದ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಮೊದಲು ಅದನ್ನು ಓದು. ಓದಿ ಆದ ಮೇಲೆ ಇದನ್ನು.

ಮೂರನೆಯ ಸಲ ತಿಕ್ಕಿದೆನೋ ಇಲ್ಲವೋ. ಹದಿಮೂರು ವರ್ಷ ಅವಳು ಈ ಪ್ರಶ್ನೆಯ ಜೊತೆ ಇದ್ದಾಳೆ. ನಾನು ಇನ್ನೊಂದರ ಜೊತೆ ಇದ್ದೆ, ಆ ಮಾತು ಯಾರದು ಎಂಬುದರ ಜೊತೆ. ನನ್ನದು ಸಣ್ಣದು. ಅವಳದಕ್ಕೆ ಉತ್ತರ ನಮ್ಮ ಹತ್ತಿರ ಇತ್ತು. ಬಸ್ಸಿನಲ್ಲಿ ಹೋಗಿ ಹೇಳಿಬರಬಹುದಾದಷ್ಟು ಚಿಕ್ಕ ಉತ್ತರ.

ನಿನ್ನೆ ಶನಿವಾರ. ಕೊನೆಯ ತಾಸಿಗೆ ಹೋಗಿ ಹಲಗೆಯ ಮೇಲಿದ್ದ 'ಎಮ್ಮೆಯ ಕರು' ಒರೆಸಿ 'ಕೆಂಚವ್ವ, ನಾಲ್ಕು ವರ್ಷ' ಎಂದು ಬರೆದೆ. 'ಪ್ರಯೋಗ ಮಾಡಿದವರು' ಎಂಬುದರ ಎದುರು ನನ್ನ ಹೆಸರು ಬರೆದೆ. ಅದರ ಕೆಳಗೆ ಒಂದು ಗೆರೆ ಎಳೆದು ಖಾಲಿ ಬಿಟ್ಟೆ. ಅದು ನಿನ್ನದು. ತುಂಬುವ ಅಧಿಕಾರ ನನಗಿಲ್ಲ.

ಪ್ರಯೋಗ ಮಾಡಿದವರ ಪಾತ್ರ ವಹಿಸಿದ್ದವನು ತಿರಕಪ್ಪ, ಹಿಂದಿನ ಬೆಂಚಿನವನು. ರಟ್ಟಿನ ಹ್ಯಾಟು ಮಾಡಿಕೊಂಡು ಬಂದಿದ್ದ. ಅದನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟ. "ಈ ಪಾರ್ಟು ನಾ ಮಾಡಾಂಗಿಲ್ರಿ ಸರ. ನೀವ ಮಾಡ್ರಿ. ನಿಮಗ ಮಾತು ಬಾಯಿಪಾಠ ಅದಾವು." ಯಾರೋ ನಕ್ಕರು, ಅರ್ಧಕ್ಕೆ ನಿಲ್ಲಿಸಿದರು. ನಾನು ಹ್ಯಾಟು ತೆಗೆದುಕೊಂಡೆ. ನನ್ನ ತಲೆಗೆ ಸಣ್ಣದು.

ಜುಲೇಖಾಬಿ ನನ್ನ ಮುಖ ನೋಡಲಿಲ್ಲ. ಬೂದಿಯ ಪೊಟ್ಟಣ ಬಿಚ್ಚಿ, "ಮುಂದ ಏನು ಮಾಡೂದು ಹೇಳ್ರಿ" ಎಂದಳು. ಕೊನೆಗೆ ಉಪಾಯ ಹೇಳಿದವರು ಮಕ್ಕಳೇ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕೊಬ್ಬನ್ನು ಗುರುತಿಸಲು ಬಳಸುವ ಕೆಂಪು ಬಣ್ಣವಿದೆ. ಅದೂ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಹೊಸ ಡಬ್ಬಿಯ ಒಳಗೆ ಅದನ್ನು ಸವರಿ ಒಣಗಿಸಿ, ಬೂದಿ ಹಚ್ಚಿ ತಿಕ್ಕಿ ನೋಡಬೇಕು. ಒಂದು ಗುಂಪು ಮೂರು ಸಲ, ಒಂದು ಆರು, ಒಂದು ಹತ್ತು. ತಿಕ್ಕಿದರು. ನೀರು ಹಾಕಿದರೆ ತಿಳಿಯಾಗಿತ್ತು. ಎಣ್ಣೆ ಹಾಕಿ ಅಲ್ಲಾಡಿಸಿ ಗಾಜಿನ ಲೋಟಕ್ಕೆ ಸುರಿದರೆ ಮೂರೂ ಕೆಂಪು. ಹತ್ತು ಸಲದ್ದು ಸ್ವಲ್ಪ ತೆಳು, ಅಷ್ಟೆ. ಡಬ್ಬಿಯ ಅಡಿ ಕೂಡುವ ಮಡಿಕೆಯಲ್ಲಿ ಅದು ಕೂತಿರುತ್ತದೆ, ಅಲ್ಲಿಗೆ ಬೆರಳು ಹೋಗುವುದಿಲ್ಲ.

ಇದೇ ಈಗ ನಾಟಕ. ಫೆಬ್ರವರಿ ಹದಿನಾರಕ್ಕೆ ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ನಲ್ಲಿ ಆಡುತ್ತಾರೆ. ಸಾವಂತ್ರೆವ್ವನನ್ನು ಕರೆತಂದು ಮುಂದೆ ಕೂರಿಸಬೇಕೆಂದಿದ್ದೇವೆ. ನನ್ನ ಪಾತ್ರ ನಾನೇ. ಪಕ್ಕದಲ್ಲಿ ಒಂದು ಕುರ್ಚಿ ಇರುತ್ತದೆ.

ಇದು ಬೆದರಿಕೆಯಲ್ಲ. ನೀನು ಬರದಿದ್ದರೂ ನಾನು ಮಾಡುತ್ತೇನೆ.

ಮಡಿವಾಳೆಪ್ಪ

*

ಹುಬ್ಬಳ್ಳಿ
4 ಫೆಬ್ರವರಿ 1985

ಮಡಿವಾಳ,

ಪ್ರತಿಯನ್ನು ಓದಿದೆ. ಮಹಾದೇವಕ್ಕನಿಗೆ ತೋರಿಸಲಿಲ್ಲ.

ನಿಮ್ಮ ಪ್ರಾಚಾರ್ಯರಿಗೆ ಫೋನು ಮಾಡಿದವನು ನಾನೇ. ಬೇರೆಯವರಿಂದ ನಿನಗೆ ಗೊತ್ತಾಗುವುದಕ್ಕಿಂತ ನಾನೇ ಹೇಳುವುದು ಒಳ್ಳೆಯದು. ಗ್ಯಾದರಿಂಗ್‌ನಲ್ಲಿ ಆ ನಾಟಕ ಇರುವುದಿಲ್ಲ. ಏಪ್ರಿಲ್‌ನಲ್ಲಿ ನನಗೆ ಇಡೀ ವಿಭಾಗದ ಜವಾಬ್ದಾರಿ ಬರುವುದಿದೆ. ಭೋಪಾಳದ ಮೇಲೆ ಪೇಪರಿನವರು ಹುಡುಕುತ್ತಲೇ ಇದ್ದಾರೆ. ನಿನ್ನ ಹೆಸರು ಬರೆದುಕೋ, ಯಾರೂ ಬೇಡ ಅನ್ನುವುದಿಲ್ಲ. ಖಾಲಿ ಗೆರೆ ಎಳೆಯಬೇಡ. ಖಾಲಿ ಗೆರೆ ಹೆಸರಿಗಿಂತ ಕೆಟ್ಟದ್ದು, ಎಲ್ಲರೂ ಅಲ್ಲಿಯೇ ನೋಡುತ್ತಾರೆ.

ನಾನು ಏನೂ ಮಾಡಲಿಲ್ಲ ಎಂದು ತಿಳಿಯಬೇಡ. ಮರುವರ್ಷ ಒಮ್ಮೆ ತಿರ್ಲಾಪುರಕ್ಕೆ ಹೋಗಿದ್ದೆ. ಅವಳು ಕೊಡ ಹೊತ್ತು ಎದುರಿಗೆ ಬಂದಳು. "ಆರಾಮ ಅದೀರೇನ್ರಿ ಮಾಸ್ತರ?" ಎಂದಳು. ಆರಾಮ ಎಂದೆ. ಅದೇ ಬಸ್ಸಿಗೆ ತಿರುಗಿ ಬಂದೆ.

ಹೊಲದ ನೋಟುಬುಕ್ಕು ನನ್ನ ಹತ್ತಿರ ಇದೆ. ದಿನದಿನದ ಹುಳದ ಎಣಿಕೆ, ಮಳೆ, ಗಾಳಿ, ಕೊನೆಯ ಪುಟದಲ್ಲಿ ಯಾವ ಡಬ್ಬಿಯನ್ನು ಯಾರು ಒಯ್ದರೆಂಬ ಪಟ್ಟಿ. ನಾನು ಎಲ್ಲವನ್ನೂ ಬರೆಯುತ್ತಿದ್ದೆನಲ್ಲ, ನೀನು ನಗುತ್ತಿದ್ದೆ. ಅದನ್ನು ಸುಟ್ಟಿಲ್ಲ. ಇದನ್ನು ನನ್ನ ಪರವಾಗಿ ಎಲ್ಲಾದರೂ ಬರೆದುಕೋ.

ಇನ್ನು ಬರೆಯಬೇಡ.

ಶಂಕ್ರಪ್ಪ

*

ನವಲಗುಂದ
3 ಮಾರ್ಚ್ 1985

ಶಂಕ್ರ,

ಬರೆಯಬೇಡ ಎಂದು ನೀನು ಹೇಳಿದ್ದೀ. ಇದೊಂದನ್ನು ಓದು.

ನೀನು ಹೇಳಿದಂತೆಯೇ ಆಯಿತು. ಪ್ರಾಚಾರ್ಯರು ಕರೆದು, "ಹಾಸ್ಯದ್ದು ಏನರ ಇದ್ರ ಹಾಕೋಣಂತ, ಇದು ಬ್ಯಾಡ್ರಿ" ಎಂದರು. ಮೆಮೊ ಕೂಡ ಕೊಟ್ಟಿದ್ದಾರೆ. ಪಠ್ಯದ ಹೊರಗಿನ ವಿಷಯವನ್ನು ಬೋಧಿಸಿದ್ದಕ್ಕೆ ಕಾರಣ ಕೇಳಿ. ಅದಕ್ಕೆ ಎರಡು ಸಾಲಿನ ಉತ್ತರ ಬರೆದೆ: ಬೋಧಿಸಿದ್ದು ನಿಜ, ಮುಂದಿನ ವರ್ಷವೂ ಬೋಧಿಸುತ್ತೇನೆ.

ಗ್ಯಾದರಿಂಗ್ ಹೋಯಿತು. ಮಕ್ಕಳು ಅಳಲಿಲ್ಲ, ನಾನು ಎಣಿಸಿದ್ದಕ್ಕಿಂತ ಗಟ್ಟಿ. "ಸ್ಟೇಜು ಯಾರಿಗೆ ಬೇಕ್ರಿ? ನೋಡಬೇಕಾದಾಕಿ ಒಬ್ಬಾಕಿ. ಆಕಿ ಮನಿಗೆ ಹೋಗೂಣು" ಎಂದಳು ಜುಲೇಖಾಬಿ. ನಿನ್ನೆ ಮಧ್ಯಾಹ್ನ ಹದಿನಾಲ್ಕು ಮಕ್ಕಳು, ನಾನು, ಮೂರು ಹೊಸ ಡಬ್ಬಿ, ಒಂದು ಶೀಸೆ ಕೆಂಪು ಬಣ್ಣ. ತಿರಕಪ್ಪ ಕಾಲೇಜಿನಿಂದ ಒಂದು ಮಡಚುವ ಕುರ್ಚಿಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದಿದ್ದ. ಕಂಡಕ್ಟರು ಅದಕ್ಕೂ ಟಿಕೆಟು ತೆಗೆಸು ಎಂದು ಚಾಷ್ಟಿ ಮಾಡಿದ. ಕುರ್ಚಿ ಯಾರಿಗೆ ಎಂದು ನಾನು ಕೇಳಲಿಲ್ಲ.

ಸಾವಂತ್ರೆವ್ವ ನನ್ನ ಗುರುತು ಹಿಡಿದಳು. "ಕೂದಲ ಬೆಳ್ಳಗಾಗ್ಯಾವಲ್ರಿ" ಎಂದಳು. ಅಷ್ಟೆ.

ಮಕ್ಕಳು ನಾಟಕ ಬರೆದು ಕಲಿತಿದ್ದರು. ಅದು ನಡೆಯಲೇ ಇಲ್ಲ. ಜುಲೇಖಾಬಿ ಬಣ್ಣ ಸವರಿದ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳುತ್ತಿದ್ದಂತೆ ಸಾವಂತ್ರೆವ್ವ, "ತಿಕ್ಕೂದು ಹಿಂಗಲ್ಲ ಬೇ, ತಾ ಇಲ್ಲೆ" ಎಂದು ಕಸಿದುಕೊಂಡಳು. ತನ್ನ ಒಲೆಯ ಬೂದಿ, ತನ್ನ ನೀರು, ತೆಂಗಿನ ನಾರು. ಒಂದು ಎಂದಳು. ಎರಡು. ಮೂರನೆಯದನ್ನು ಬಹಳ ಹೊತ್ತು ತಿಕ್ಕಿದಳು. ಎಷ್ಟು ಹೊತ್ತೆಂದರೆ ಓಣಿಯ ಹೆಂಗಸರು ಬಂದು ಸುತ್ತ ನಿಂತರು. ನೀರು ಹಾಕಿ ನೋಡಿದಳು, ತಿಳಿ ಇತ್ತು. ಮುಖದಲ್ಲಿ ಏನೋ ಒಂದು ಬಂದು ಹೋಯಿತು. ತಿಕ್ಕಿದ್ದರೆ ಉಳಿಯುತ್ತಿದ್ದಳು ಎಂಬುದೇ ಇರಬೇಕು. ಆಗ ದೇವಕ್ಕ ಎಣ್ಣೆ ಸುರಿದು ಅಲ್ಲಾಡಿಸಿ ಚಹಾದ ಬಿಳಿ ಬಸಿಗೆ ಬಗ್ಗಿಸಿದಳು. ಕೆಂಪು.

ಸಾವಂತ್ರೆವ್ವ ಎರಡನೆಯ ಡಬ್ಬಿ ತೆಗೆದುಕೊಂಡಳು. ಹತ್ತು ಸಲ. ಎಣಿಸುವುದನ್ನು ಮಕ್ಕಳಿಗೆ ಬಿಟ್ಟಳು. ಮತ್ತೆ ಎಣ್ಣೆ, ಮತ್ತೆ ಕೆಂಪು. ಮೂರನೆಯದಕ್ಕೆ ಕೈ ಹಾಕಲಿಲ್ಲ.

ನಾನು ಎದ್ದು ನಿಂತು ಹೇಳಿದೆ. ಬಾಯಿಪಾಠ ಮಾಡಿದ್ದು ಯಾವುದೂ ನೆನಪಾಗಲಿಲ್ಲ. "ಯವ್ವಾ, ನೀ ಎಷ್ಟು ಸಲ ತಿಕ್ಕಿದ್ರೂ ಅದು ಹೋಗತಿದ್ದಿಲ್ಲ. ಅದು ನಮಗ ಗೊತ್ತಿತ್ತು. ಮೂರು ಸಲ ಸಾಕು ಅಂದಾಂವ ನಾನು. ನಿನ್ನ ತಪ್ಪು ಏನೂ ಇಲ್ಲ." ಇಷ್ಟೇ. ನಾಲ್ಕು ವಾಕ್ಯ, ಶಂಕ್ರ. ಬೋಧಕನ ಕೆಲಸದಲ್ಲಿ ಇದಕ್ಕಿಂತ ಕಡಿಮೆ ಎಂದೂ ಮಾತಾಡಿಲ್ಲ.

ಅವಳು ಕೈಯ ಬೂದಿಯನ್ನು ತೊಳೆದುಕೊಂಡಳು. "ಇಷ್ಟು ಹೇಳಾಕ ಹದಿಮೂರು ವರ್ಷ ಬೇಕಾತೇನ್ರಿ?" ಎಂದಳು. ಸಿಟ್ಟಿನಿಂದಲ್ಲ; ಲೆಕ್ಕ ತಿಳಿಯದವರು ಕೇಳುವ ಹಾಗೆ. ನಾನು ಹೌದು ಎಂದೆ. ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದರೆ ಅವಳ ಮೇಲೆ ಇನ್ನೊಂದು ಕೆಲಸ ಹೇರಿದಂತಾಗುತ್ತಿತ್ತು.

ಅವಳ ಕಣ್ಣು ಆ ಕುರ್ಚಿಯ ಮೇಲೆ ಬಿತ್ತು. "ಇನ್ನೊಬ್ಬಾಂವ ಬರಲಿಲ್ಲೇನು? ಎಲ್ಲಾ ಬರಕೋತಿದ್ನಲ್ಲ, ಆ ಮಾಸ್ತರ?" ಬಂದಿಲ್ಲ ಎಂದೆ.

ಆಮೇಲೆ ಒಳಗೆ ಹೋಗಿ ಮಾಡದಿಂದ ಏಳನೆಯ ಪ್ಲಾಟಿನ ಡಬ್ಬಿಯನ್ನು ತಂದು ನನ್ನ ಕೈಗೆ ಕೊಡುತ್ತ ಅವಳು ಅಂದದ್ದನ್ನು ಹೇಳಲು ಈ ಪತ್ರ. "ಅವತ್ತ ಡಬ್ಬಿ ನಾ ಒಬ್ಬಾಕೀನ ಒಯ್ದಿದ್ನೇನ್ರಿ? ಯಾವ್ಯಾವ ಊರಿಂದ ಬಂದಿದ್ವಿ. ಅವ್ರೆಲ್ಲಾರಿಗೂ ಹೇಳಿ ಬಂದೀರೇನು?"

ಹದಿನಾಲ್ಕು ಮಕ್ಕಳು ನನ್ನನ್ನು ನೋಡಿದರು. ಹದಿಮೂರು ವರ್ಷದಲ್ಲಿ ಈ ಪ್ರಶ್ನೆ ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಒಂದು ಮಗು ಸತ್ತಿತು, ಆದ್ದರಿಂದ ಒಂದು ಡಬ್ಬಿ ಎಂದು ನನ್ನ ಮನಸ್ಸು ಎಣಿಸಿಬಿಟ್ಟಿತ್ತು. ಉಳಿದ ಹನ್ನೊಂದರಲ್ಲಿ ಯಾರು ಉಪ್ಪು ಇಟ್ಟರು, ಯಾರು ಎಣ್ಣೆ ಇಟ್ಟರು, ಯಾರ ಮನೆಯಲ್ಲಿ ವಾಂತಿಭೇದಿ ಎಂದು ಬರೆದರು, ಯಾರು ಈ ಹೊತ್ತಿಗೂ ತಮ್ಮನ್ನೇ ಬೈದುಕೊಳ್ಳುತ್ತಿದ್ದಾರೆ, ನಮಗೆ ಗೊತ್ತಿಲ್ಲ.

ಬಸ್ಸಿನಲ್ಲಿ ಬರುವಾಗ ಮಕ್ಕಳು ಹೊಸದಾಗಿ ಗುಂಪು ಮಾಡಿಕೊಂಡರು. ನಾನು ಹೇಳಲಿಲ್ಲ. ತಿರ್ಲಾಪುರದಲ್ಲಿ ಕೇಳುತ್ತ ಹೋಗಿ ಎರಡು ಹೆಸರು ಆಗಲೇ ಹಿಡಿದಿದ್ದಾರೆ. ಒಬ್ಬಳು ಈಗ ಇಲ್ಲ, ಇನ್ನೊಬ್ಬಳು ಡಬ್ಬಿಯನ್ನು ಅಣ್ಣಿಗೇರಿಯ ತಂಗಿಗೆ ಕೊಟ್ಟಿದ್ದಳಂತೆ. ಉಳಿದ ಒಂಬತ್ತು ನಿನ್ನ ನೋಟುಬುಕ್ಕಿನಲ್ಲಿವೆ. ಪರೀಕ್ಷೆ ಮುಗಿದ ಮರುದಿನದಿಂದ ಊರೂರಿಗೆ ಹೋಗುತ್ತೇವೆ. ಪಟ್ಟಿ ಇದ್ದರೆ ಒಂದು ತಿಂಗಳ ಕೆಲಸ. ಇಲ್ಲದಿದ್ದರೆ ಹೆಚ್ಚು ದಿನ ಬೇಕು, ಆದರೂ ಹೋಗುತ್ತೇವೆ. ನೀನು ಬಾ ಎಂದು ಕರೆಯುವುದಿಲ್ಲ. ಹೆಸರುಗಳನ್ನು ಒಂದು ಕಾರ್ಡಿನ ಮೇಲೆ ಬರೆದು ಹಾಕು, ನಿನ್ನ ಸಹಿ ಬೇಡ.

ಡಬ್ಬಿ ನನ್ನ ಮೇಜಿನ ಮೇಲಿದೆ. ಏಳರ ಅಂಕಿ ನಿನ್ನ ಕೈಬರಹ, ಬಾಲವನ್ನು ಉದ್ದ ಎಳೆಯುತ್ತಿದ್ದೆಯಲ್ಲ, ಹಾಗೆಯೇ ಇದೆ. ಪಟ್ಟಿಯಲ್ಲಿ ಅದರ ಮುಂದಿನ ಸಾಲನ್ನಾದರೂ ಇವತ್ತು ತೆಗೆದು ನೋಡು.

ಮಡಿವಾಳ

ಎಂಟನೆಯ ಪ್ಲಾಟಿನ ಡಬ್ಬಿ ಒಯ್ದವಳು ಯಾರು, ಶಂಕ್ರ?